ಎಣಿಕೆಗೆ ಸಿಗದ ಕೂಲಿಗಳು

2015ರಲ್ಲಿ ಮೆಟ್ರೋ ರೈಲು ಬಂದ ಮೇಲೆ ವಿಜಯನಗರದ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳು ಉರುಳಿ ನಾಲ್ಕಂತಸ್ತಿನ ಮನೆಗಳು ಏಳುತ್ತಿರುವುದನ್ನು ವಾಚಕರು ಬಲ್ಲರು. ಮನೆ ಏಳುವುದಕ್ಕೆ ಮುಂಚೆ ಅದರ ಪಕ್ಕದಲ್ಲಿ ತಗಡಿನ ಗುಡಿಸಲೊಂದು ಏಳುತ್ತದೆ. ಅದರೊಳಗೆ ರಾಯಚೂರು, ಯಾದಗಿರಿಗಳ ಕಡೆಯಿಂದಲೋ ಬಿಹಾರ, ಒಡಿಶಾಗಳಿಂದಲೋ ಬಂದ ಸಂಸಾರ. ಸಿಮೆಂಟಿನ ಮೂಟೆ, ಕಬ್ಬಿಣದ ತೂಕ, ಇಟ್ಟಿಗೆಯ ಲೋಡು, ಇವುಗಳ ಲೆಕ್ಕವೆಲ್ಲ ಯಜಮಾನರಿಗೆ ಬಾಯಿಪಾಠ. ಗುಡಿಸಲಿನವರು ಒಪ್ಪಿ ಬಂದವರೋ, ಮುಂಗಡದ ಹಣಕ್ಕೆ ಸಿಕ್ಕಿಬಿದ್ದವರೋ ಎಂಬ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲಿಯೂ ಇಲ್ಲ.

ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು 1976ರದು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದವರ ಮೊಕದ್ದಮೆಯಲ್ಲಿ, 1982ರಲ್ಲಿ, ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಬೆತ್ತದಂತೆ ಹಸಿವೂ ಒಂದು ಬಲವಂತವೇ. ಈ ಅರ್ಥ ಹಿಡಿದರೆ ಸಂಖ್ಯೆ ಹಿಗ್ಗುತ್ತದೆ. ಸಂಕೋಲೆಯೇ ಸಾಕ್ಷಿಯಾಗಬೇಕೆಂದರೆ ಕುಗ್ಗುತ್ತದೆ.

ಎಣಿಸುವವರು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಗಾಂಧಿ ಶಾಂತಿ ಪ್ರತಿಷ್ಠಾನವು 1978ರ ಸುಮಾರಿಗೆ ನಡೆಸಿದ ಸಮೀಕ್ಷೆ, ಕರ್ನಾಟಕದ ಹಳ್ಳಿಗಳಲ್ಲಿ ಸುಮಾರು 1 ಲಕ್ಷ 93 ಸಾವಿರ ಜೀತದಾಳುಗಳಿದ್ದಾರೆಂದು ಅಂದಾಜು ಮಾಡಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಸರಕಾರದ ದಾಖಲೆಗೆ ಬಂದವರು ಸುಮಾರು 63 ಸಾವಿರ.

ಹಳ್ಳಿಯ ಜೀತದಾಳು ಒಂದೇ ಮನೆಯಲ್ಲಿ ಇದ್ದವನು. ಪಟ್ಟಣದ ಕಟ್ಟಡದ ಆಳು ಆರು ತಿಂಗಳಿಗೊಂದು ಕಡೆ. 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸಂಕೋಲೆ ತೊಟ್ಟ ಕೂಲಿಗಳನ್ನು ರೈತಸಂಘದವರು ಬಿಡಿಸಿದಾಗ ನಾಡು ಬೆಚ್ಚಿತು. ಕಬ್ಬಿಣವಾದರೆ ಕಣ್ಣಿಗೆ ಬೀಳುತ್ತದೆ. ತೀರದ ಮುಂಗಡ, ತಡೆಹಿಡಿದ ಕೂಲಿ, ಮೇಸ್ತ್ರಿಯ ಜೇಬಿನಲ್ಲುಳಿದ ಗುರುತಿನ ಚೀಟಿ ಬೀಳುವುದಿಲ್ಲ.

ಬೆಳಿಗ್ಗೆ ವೃತ್ತದಲ್ಲಿ ನಿಂತ ಕೂಲಿಗಳನ್ನು ಎಣಿಸಿದರೆ ಸಾಲದೆ? ಸಾಲದು. ಅಲ್ಲಿ ನಿಲ್ಲಬಲ್ಲವನು ಇಂದು ಒಬ್ಬರ ಬಳಿ, ನಾಳೆ ಇನ್ನೊಬ್ಬರ ಬಳಿ ಹೋಗಬಲ್ಲವನು. ಕಟ್ಟಿಹಾಕಿಸಿಕೊಂಡವನು ಬೇಲಿಯೊಳಗೇ ಉಳಿಯುತ್ತಾನೆ. ಆದಕಾರಣ ಪಂಡಿತರು ಬೇರೊಂದು ದಾರಿ ಹಿಡಿದಿದ್ದಾರೆ. ಮೊದಲು ಕೆಲವರನ್ನು ಮಾತನಾಡಿಸುವುದು; ಅವರಿಂದ ಎರಡು ಮೂರು ಪರಿಚಿತರನ್ನು, ಆ ಪರಿಚಿತರಿಂದ ಮತ್ತಷ್ಟು ಜನರನ್ನು ಕರೆಸುವುದು. ಬಹಳ ಪರಿಚಯವುಳ್ಳವನು ಬೇಗ ಸಿಕ್ಕುವನಾದ್ದರಿಂದ ಅವನ ಮಾತಿಗೆ ಲೆಕ್ಕದಲ್ಲಿ ತೂಕ ಕಡಿಮೆ. ಒಂಟಿಯಾಗಿರುವವನ ಮಾತಿಗೆ ಹೆಚ್ಚು. ಅಮೆರಿಕದ ಸ್ಯಾನ್ ಡಿಯಾಗೊ ಪ್ರಾಂತದಲ್ಲಿ ಹೀಗೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅನುಮತಿಪತ್ರವಿಲ್ಲದ ವಲಸೆ ಕೂಲಿಗಾರರಲ್ಲಿ ಹತ್ತಕ್ಕೆ ಮೂವರು ಇಂಥ ಬಲವಂತಕ್ಕೆ ಸಿಕ್ಕವರು. ಆ ಸಂಖ್ಯೆ ಅಲ್ಲಿಯದು, ಬೆಂಗಳೂರಿಗೆ ಅಂಟಿಸತಕ್ಕದ್ದಲ್ಲ. ವಿಧಾನವನ್ನು ಮಾತ್ರ ತರಬಹುದು.

ಕೇಳುವ ಪ್ರಶ್ನೆಯೂ ಮುಖ್ಯ. "ನೀನು ಜೀತದವನೇ?" ಎಂದರೆ ಯಾರೂ ಹೌದೆನ್ನರು. ಕೂಲಿ ಯಾರ ಕೈಗೆ ಬರುತ್ತದೆ? ಚೀಟಿ ಯಾರ ಬಳಿ ಇದೆ? ಸಾಲ ತೀರುವ ಮುಂಚೆ ಊರಿಗೆ ಹೊರಟರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಯ ಭಾರ 2020ರ ಮೇ ತಿಂಗಳಲ್ಲಿ ತಿಳಿಯಿತು. ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರಕಾರ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿತು. ಜನ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು.

ಸಮೀಕ್ಷೆ ಎಂದು ನಡೆಯುವುದೋ ನಡೆಯಲಿ. ಮನೆ ಕಟ್ಟಿಸುವ ಗೃಹಸ್ಥರು ತಮ್ಮ ನಿವೇಶನದಲ್ಲಿ ಅದನ್ನು ಇಂದೇ ಆರಂಭಿಸಬಹುದು. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಈ ಮೂರು ಪ್ರಶ್ನೆಗಳನ್ನು ಮೆಲ್ಲಗೆ ಕೇಳಲಿ. ವಾರದ ಕೂಲಿ ದುಡಿದವರ ಕೈಗೇ ಸೇರಿತೆ ಎಂದು ನೋಡಲಿ. ಗೃಹಪ್ರವೇಶದ ದಿನ ಹೊಸಿಲಿಗೆ ಅರಿಸಿನ ಕುಂಕುಮವಿಡುವಾಗ ಆ ಹೊಸಿಲಿಗೆ ಯಾರ ಋಣವೂ ಅಂಟಿರಬಾರದು.