ನೆಲವೇ ಕುಸಿದರೆ ನಕ್ಷೆ ಏನು ಮಾಡೀತು?

ನಮ್ಮ ಹೈದರಾಬಾದಿನಲ್ಲಿ ಕಡಲಿಲ್ಲ. ಹುಸೇನ್ ಸಾಗರ ಅಂತ ಹೆಸರಿಗೊಂದು ಸಾಗರ ಇದೆ, ಅಷ್ಟೆ. ಆದರೂ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಇರುವುದು ಇದೇ ಊರಿನ ಪ್ರಗತಿನಗರದಲ್ಲಿ, ಇನ್‌ಕಾಯ್ಸ್ ಸಂಸ್ಥೆಯಲ್ಲಿ. 2007ರ ಅಕ್ಟೋಬರಿನಿಂದ ಅದು ಹಗಲಿರುಳು ಕೆಲಸ ಮಾಡುತ್ತಿದೆ. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಅದರ ಕೆಲಸ ಎಷ್ಟು ಕಷ್ಟದ್ದು ಅಂತ ತಿಳಿದದ್ದು ಮಾತ್ರ ಪೋರ್ಟ್ ಬ್ಲೇರ್‌ನಲ್ಲಿ, ಒಬ್ಬ ಆಟೋ ಚಾಲಕರಿಂದ. (ಈಗ ಆ ಊರು ಶ್ರೀ ವಿಜಯಪುರಂ. ಅಲ್ಲಿನವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ.)

ಅವರ ಮನೆಮಾತು ತೆಲುಗು, ನನಗೂ ಇಷ್ಟು ವರ್ಷದಲ್ಲಿ ಬರುತ್ತದೆ. ಸಿಪ್ಪಿಘಾಟ್ ಬಳಿ ರಸ್ತೆ ಪಕ್ಕ ಹರಡಿದ್ದ ನೀರು ನೋಡಿ "ಯಾವ ಕೆರೆ ಇದು?" ಅಂದೆ.

"ಕೆರೆ ಅಲ್ಲ ಸಾರ್, ಗದ್ದೆ. 2004ರಲ್ಲಿ ಅಲೆ ಬಂದು ಹೋಯ್ತು, ನೀರು ಮಾತ್ರ ವಾಪಸ್ ಹೋಗಲೇ ಇಲ್ಲ."

ಸುನಾಮಿ ಎಂದರೆ ಬಂದು, ಬಡಿದು, ಹಿಂತಿರುಗುವ ನೀರು ಎಂದೇ ನಾನು ತಿಳಿದಿದ್ದೆ. ಆದರೆ ಡಿಸೆಂಬರ್ 26ರ ಬೆಳಿಗ್ಗೆ ಆರೂವರೆಗೆ ಒಂದು ನಿಮಿಷವಿದ್ದಾಗ ಸುಮಾತ್ರಾದ ಬಳಿ ಶುರುವಾದ ಭೂಕಂಪ ಅಂಡಮಾನಿನವರೆಗೂ ಕಡಲತಳವನ್ನು ಸೀಳಿಕೊಂಡು ಬಂತು. ಆಗ ದ್ವೀಪಗಳೇ ಓರೆಯಾದವು. ಉತ್ತರ ಅಂಡಮಾನಿನ ಪಶ್ಚಿಮ ದಂಡೆ ಒಂದು ಮೀಟರಿಗೂ ಹೆಚ್ಚು ಮೇಲೆದ್ದು, ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದು ಸತ್ತವು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು. ದೇಶದ ದಕ್ಷಿಣ ತುದಿ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಇಳಿದು, ಅಲ್ಲಿನ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು.

ಇಂಥ ದಂಡೆಗೆ ಅಪಾಯದ ನಕ್ಷೆ ಬರೆಯುವುದು ಹೇಗೆ? ಯಾವ ಜಾಗದಲ್ಲಿ, ಎಷ್ಟು ದೊಡ್ಡ ಭೂಕಂಪ ಆಗಬಹುದು ಎಂದು ಮೊದಲು ಲೆಕ್ಕ ಹಾಕುತ್ತಾರೆ. ಇಲ್ಲಿ 2004ರದಷ್ಟೇ ಅಲ್ಲ, 1941ರ ಅಂಡಮಾನ್ ಭೂಕಂಪವಿದೆ, 1881ರಲ್ಲಿ ಕಾರ್ ನಿಕೋಬಾರ್ ಬಳಿ ಆದದ್ದೂ ಇದೆ. ಆಮೇಲೆ ಅಲೆಯನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ 700 ಕಿಲೋಮೀಟರ್, ಹತ್ತು ಮೀಟರ್ ಆಳಕ್ಕೆ ಬಂದಾಗ 36ರ ಆಸುಪಾಸು. ವೇಗ ಕಡಿಮೆಯಾದಂತೆ ಎತ್ತರ ಹೆಚ್ಚುತ್ತದೆ. ಅದಕ್ಕೇ ಕಡಲತಳದ ಆಳ, ಕೊಲ್ಲಿಯ ಆಕಾರ, ದಂಡೆಯ ಎತ್ತರ ಎಲ್ಲ ಸರಿಯಾಗಿ ಗೊತ್ತಿರಬೇಕು. ಗೋಡೆಯ ನೀರಿನ ಗೆರೆ, ಮರಕ್ಕೆ ಸಿಕ್ಕಿದ ಕಸ, ಒಳನಾಡಿನಲ್ಲಿ ಬಿದ್ದ ಮರಳಿನ ಪದರ ಅಳೆದು ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಇಷ್ಟಾದ ಮೇಲೂ, ಭೂಕಂಪದಲ್ಲಿ ನೆಲವೇ ಒಂದು ಮೀಟರ್ ಇಳಿದರೆ? ನಿನ್ನೆಯ ಎತ್ತರ ನಂಬಿ ಎಳೆದ ಗೆರೆಯಾಚೆಗೆ ನೀರು ನುಗ್ಗುತ್ತದೆ.

ಇದು ಹಳೆಯ ಕಥೆಯಾಗಿ ಮುಗಿದಿಲ್ಲ. ಇಂದಿರಾ ಪಾಯಿಂಟ್ ಇರುವ ಅದೇ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು, ದ್ವೀಪದಲ್ಲಿ ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಅತ್ತ ಸುನಾಮಿಯ ನಂತರ ದಂಡೆ ಬಿಟ್ಟು ಒಳಕ್ಕೆ ಹೋದ ನಿಕೋಬಾರಿಗಳಿಗೆ ತೆಂಗು, ದೋಣಿ, ಹಿರಿಯರ ನೆಲ ಎಲ್ಲ ಕಡಲ ಕಡೆಯೇ. ಅವರಿಗೊಂದು ಗೆರೆ, ಬಂದರಿಗೊಂದು ಗೆರೆ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಚೆನ್ನೈನವರಿಗೆ ಅಂದು ಅಲೆ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಇಂದು ಅಂಥದ್ದಾದರೆ ನಮ್ಮ ಪ್ರಗತಿನಗರದ ಎಚ್ಚರಿಕೆಯಿಂದ ಅಲ್ಲಿ ಸಾವಿರಾರು ಜೀವ ಉಳಿದಾವು. ನಿಕೋಬಾರಿನಲ್ಲಿ ಸಿಗುವುದು ಕೆಲವೇ ನಿಮಿಷ. ಅಲ್ಲಿ ಭೂಮಿ ಜೋರಾಗಿ ನಡುಗಿದ್ದೇ ಎಚ್ಚರಿಕೆ, ಮೊಬೈಲ್ ಕಾಯುವಂತಿಲ್ಲ.

"ಮತ್ತೆ ನಡುಗಿದರೆ ಎಲ್ಲಿಗೆ ಹೋಗ್ತೀರಿ?" ಅಂತ ಆಟೋದವರನ್ನು ಕೇಳಿದೆ. ಯೋಚಿಸಲೂ ಇಲ್ಲ, ಗುಡ್ಡದ ಮೇಲಿನ ಶಾಲೆಯ ಕಡೆ ಕೈ ತೋರಿಸಿದರು. "ನೀವು?" ಎಂದು ತಿರುಗಿ ಕೇಳಿದರು.

ನಾವು ಇಳಿದುಕೊಂಡಿದ್ದದ್ದು ದಂಡೆಯ ಪಕ್ಕದ ಲಾಡ್ಜಿನಲ್ಲಿ. ಸಮುದ್ರ ಕಾಣುವ ರೂಮು ಬೇಕೆಂದು ಹಟ ಹಿಡಿದದ್ದು ನಾನೇ. ರಾತ್ರಿ ಅಲ್ಲಿನ ಹುಡುಗನಿಗೆ ಗುಡ್ಡದ ಕಡೆಗೆ ದಾರಿ ಎಲ್ಲಿ ಅಂದೆ. ಅಡುಗೆಮನೆ ಹಿಂದಿನ ಬಾಗಿಲು ತೋರಿಸಿದ. ಬೀಗ ಹಾಕಿತ್ತು. ಕೀಲಿ ಕೇಳಿದರೆ, ಮ್ಯಾನೇಜರ್ ಹತ್ತಿರ ಇದೆ, ಬೆಳಿಗ್ಗೆ ಬರುತ್ತಾರೆ ಅಂದ.