ಗುಂಯ್‌ಗುಡುವ ಗಿಟಾರಿಗೆ ತಾಮ್ರದ ಕವಚ!

ಗಣೇಶನ ಹಬ್ಬದ ಆರ್ಕೆಸ್ಟ್ರಾ. ಗಿಟಾರ್ ಹುಡುಗ ತಂತಿ ಮುಟ್ಟುವ ಮೊದಲೇ ಸ್ಪೀಕರಿನಿಂದ 'ಗುಂಯ್...' ಎಂಬ ಸದ್ದು! ಜನ ಶಿಳ್ಳೆ ಹೊಡೆದರು. ಅವನೇನು ಮಾಡಿದ ಗೊತ್ತೇ? ಆಂಪ್ಲಿಫೈಯರ್ ಪ್ಲಗ್ಗಿನ ಅರ್ತಿಂಗ್ ಪಿನ್ನನ್ನೇ ಕಿತ್ತುಹಾಕಲು ಹೊರಟ. "ಬೇಡ ಕಣಯ್ಯಾ!" ಎಂದು ಕೂಗಿಕೊಂಡೆ.

ಗಿಟಾರಿನ ಲೋಹದ ತಂತಿಗಳಿಗೂ ಆಂಪ್ಲಿಫೈಯರಿನ ಮೈಗೂ ವೈರಿನ ನಂಟು. ಅರ್ತಿಂಗ್ ಇಲ್ಲದಾಗ ಒಳಗೆ ಕರೆಂಟು ಸೋರಿತೋ, ನೇರ ಬೆರಳಿಗೇ! 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ತಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಶಾಕ್ ಹೊಡೆದು ಸತ್ತ.

ಹಾಗಾದರೆ ಗುಂಯ್‌ಗೆ ಮದ್ದು? ಪಿಕಪ್ಪಿನ ಸಾವಿರಾರು ಸುತ್ತಿನ ತಂತಿ, ಒಳಗಿನ ವೈರು ಎಲ್ಲವೂ ಸೀರಿಯಲ್ ಸೆಟ್, ಟ್ಯೂಬ್‌ಲೈಟುಗಳ ಗಲಾಟೆಯನ್ನು ಹಿಡಿದುಕೊಳ್ಳುತ್ತವೆ. ಗಿಟಾರಿನ ಹೊಟ್ಟೆಯೊಳಗೆ ತೆಳು ತಾಮ್ರದ ಹಾಳೆ ಅಂಟಿಸಿ, ತುಂಡುಗಳನ್ನು ಒಂದಕ್ಕೊಂದು ಬೆಸೆದು, ಜಾಕಿನ ಗ್ರೌಂಡ್ ವೈರಿಗೆ ಸೇರಿಸಬೇಕು. 1836ರಲ್ಲಿ ಫ್ಯಾರಡೆ ತೋರಿಸಿದ ಪಂಜರದ ಗುಟ್ಟೇ ಇದು. ಸಿಗ್ನಲ್ ವೈರು ಮಾತ್ರ ತಾಮ್ರಕ್ಕೆ ತಾಗಬಾರದು. ತಾಗಿತೋ, ಗಿಟಾರ್ ಮೂಗನಂತೆ ಸುಮ್ಮನಾಗುತ್ತೆ! ಟ್ರಾನ್ಸ್‌ಫಾರ್ಮರಿನ ಕಾಂತದಿಂದ ಬರುವ ಗುಂಯ್‌ಗೆ ತಾಮ್ರವೂ ಸಾಲದು. ಅದಕ್ಕೆ ಜೋಡಿ ಸುರುಳಿಯ ಹಂಬಕರ್ ಪಿಕಪ್ಪೇ ಬೇಕು.

ಹುಡುಗ ಪಿನ್ನು ಕೀಳಲಿಲ್ಲ, ಮುಂದಿನ ವಾರ ತಾಮ್ರ ಅಂಟಿಸಿದ. ಗುಂಯ್ ಪೂರ್ತಿ ಹೋಗಲಿಲ್ಲ, ಮುಕ್ಕಾಲು ಪಾಲು ಅಡಗಿತು. ಮತ್ತೆ ಶಿಳ್ಳೆ ಬಿತ್ತು ಮಿತ್ರರೇ, ಈ ಸಲ ಅವನ ಹಾಡಿಗೆ!