ಕ್ರೇನ್‌ಗೆ ಕಾಯುವ ಹಕ್ಕುಪತ್ರ

2025ರ ಮೇ 20ರಂದು ಎರಡು ರಾಜ್ಯ ಸರ್ಕಾರಗಳು ಬಡವರ ಸೂರಿನ ಬಗ್ಗೆ ದೊಡ್ಡ ಮಾತಾಡಿದವು. ಮುಂಬೈಯಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ‘ಮಾಝೆ ಘರ್, ಮಾಝೆ ಅಧಿಕಾರ್’ ವಸತಿ ನೀತಿಗೆ ಒಪ್ಪಿಗೆ ಕೊಟ್ಟು, 2030ರೊಳಗೆ 35 ಲಕ್ಷ ಮನೆ, 70,000 ಕೋಟಿ ರೂಪಾಯಿ ಹೂಡಿಕೆ ಎಂದು ಸಾರಿತು. ಅದೇ ದಿನ ಹೊಸಪೇಟೆಯಲ್ಲಿ ಸಿದ್ದರಾಮಯ್ಯ ಸರ್ಕಾರ ತನ್ನ ಎರಡು ವರ್ಷದ ಸಮಾವೇಶದಲ್ಲಿ ತಾಂಡಾ, ಹಟ್ಟಿ, ಹಾಡಿಗಳ ಜನರಿಗೆ 1,11,111 ಹಕ್ಕುಪತ್ರ ಹಂಚಿತು. ಮೊದಲನೆಯದನ್ನು ದೂರದೃಷ್ಟಿ, ಎರಡನೆಯದನ್ನು ಓಟಿನ ಜಾತ್ರೆ ಎಂದು ಕರೆದುಬಿಡುವುದು ಸುಲಭ. ಲೆಕ್ಕ ಹಾಕಿ ನೋಡಿದರೆ ತಿರುಗುಮುರುಗು. ಮುಂಬೈಯ ಆಂಟಾಪ್ ಹಿಲ್‌ನ ಜೋಪಡಿಯಲ್ಲಿರುವವರಿಗೆ ಅಲ್ಲಿಯ ಹೊಸ ನೀತಿಗಿಂತ ಹೊಸಪೇಟೆಯ ಆ ಕಾಗದವೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ವಡಾಲ ಮತ್ತು ಸಾಯನ್ ನಡುವಿನ ಆಂಟಾಪ್ ಹಿಲ್‌ಗೆ ‘ಭವಿಷ್ಯ’ ಎಂಬುದು ಹೊಸ ಸರಕೇನಲ್ಲ. 2013ರಲ್ಲಿ ಈಸ್ಟರ್ನ್ ಫ್ರೀವೇ ಬಂತು, 2014ರಲ್ಲಿ ವಡಾಲಕ್ಕೆ ಮೊನೊರೈಲು ಬಂತು. 2019ರ ಮಾರ್ಚ್‌ನಲ್ಲಿ ಆ ಹಳಿ ಮುಂದೆ ಚಾಚಿಕೊಂಡಾಗ ಆಂಟಾಪ್ ಹಿಲ್ ಹೆಸರಿನದೇ ನಿಲ್ದಾಣ ಎದ್ದಿತು. ಪಕ್ಕದಲ್ಲಿ ಗಗನಚುಂಬಿಗಳ ಬಡಾವಣೆಗೆ ‘ನ್ಯೂ ಕಫ್ ಪರೇಡ್’ ಎಂಬ ಹೆಸರು ಬಿತ್ತು. 2025ರ ಸೆಪ್ಟೆಂಬರ್ 20ರಿಂದ ಮೊನೊರೈಲಿನ ಓಡಾಟವನ್ನು ನಿಲ್ಲಿಸಲಾಯಿತು. ಇಷ್ಟರಲ್ಲಿ ಕೋಕ್ರಿ ಅಗರ್, ಸಂಗಮ್ ನಗರ, ಬಂಗಾಲಿಪುರದ ಖೋಲಿಗಳಲ್ಲಿ ಬದಲಾಗದೆ ಉಳಿದದ್ದು ಒಂದೇ: ಕಾಲಡಿಯ ನೆಲ ಯಾರದ್ದು ಎಂಬ ಪ್ರಶ್ನೆ. ಆ ಸೀಮೆಯಲ್ಲಿ ಕೇಂದ್ರ ನೌಕರರ ವಸತಿಯ ಜಾಗವಿದೆ, ಉಪ್ಪಿನ ಇಲಾಖೆಯ ಜಾಗವಿದೆ, ರಾಜ್ಯದ್ದಿದೆ, ಪಾಲಿಕೆಯದ್ದೂ ಇದೆ. ಮನೆ ನಿಂತದ್ದು ಯಾರ ಜಾಗದಲ್ಲಿ ಎಂಬುದರ ಮೇಲೆ ಬದುಕಿನ ದಾರಿಯೇ ಬೇರೆಯಾಗುತ್ತದೆ. ಕೇಂದ್ರದ ಜಾಗವಾದರೆ ರಾಜ್ಯದ ಯೋಜನೆ ದೆಹಲಿಯ ಒಪ್ಪಿಗೆಗೆ ಕೈಕಟ್ಟಿ ನಿಲ್ಲಬೇಕು.

ಈಗ ಲೆಕ್ಕಕ್ಕೆ ಬರೋಣ. 1995ರಲ್ಲಿ ಶಿವಸೇನೆ-ಬಿಜೆಪಿ ಮೈತ್ರಿಕೂಟ ಮುಂಬೈಯ 40 ಲಕ್ಷ ಜೋಪಡಿವಾಸಿಗಳಿಗೆ ಪುಕ್ಕಟೆ ಮನೆ ಎಂದು ಮಾತು ಕೊಟ್ಟಿತು. ಕುಟುಂಬಕ್ಕೊಂದರಂತೆ 8 ಲಕ್ಷ ಮನೆ, ಅದೂ ಐದು ವರ್ಷದಲ್ಲಿ. ಅದಕ್ಕಾಗಿಯೇ ಹುಟ್ಟಿದ ಸ್ಲಂ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್‌ಆರ್‌ಎ, ಸುಮಾರು ಮೂವತ್ತು ವರ್ಷದಲ್ಲಿ ಕಟ್ಟಿಸಿಕೊಟ್ಟದ್ದು ಹೆಚ್ಚುಕಡಿಮೆ ಎರಡೂವರೆ ಲಕ್ಷ. ವರ್ಷಕ್ಕೆ ಎಂಟೂವರೆ ಸಾವಿರದ ಆಸುಪಾಸು. 2011ರ ಜನಗಣತಿಯಲ್ಲಿ ಮುಂಬೈ ಸ್ಲಂಗಳ ಜನಸಂಖ್ಯೆ 52 ಲಕ್ಷ, ಅಂದರೆ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಕುಟುಂಬ. ಉಳಿದಿರುವುದು ಬರೀ ಎಂಟು ಲಕ್ಷ ಎಂದು ಉದಾರವಾಗಿ ಹಿಡಿದರೂ, ಇದೇ ನಡಿಗೆಯಲ್ಲಿ ತೊಂಬತ್ತು ವರ್ಷ ದಾಟುತ್ತದೆ. ಇವತ್ತು ಹುಟ್ಟಿದ ಮಗು ಮುದಿಯಾಗಿ ಸಾಯುವವರೆಗೂ ಸಾಲದು. ಎಫ್‌ಎಸ್‌ಐ, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ, ಎಷ್ಟಿರಬೇಕು, ಮನೆ 300 ಚದರಡಿಯೋ 350 ಚದರಡಿಯೋ ಎಂದು ಪುಟಗಟ್ಟಲೆ ಚರ್ಚಿಸುವವರು ಈ ತೊಂಬತ್ತನ್ನು ಮಾತ್ರ ಮುಟ್ಟುವುದಿಲ್ಲ.

ಇಂಥದೇ ಒಂದು ಲೆಕ್ಕವನ್ನು ಇಂಡೊನೇಷ್ಯಾದಲ್ಲಿ ಒಬ್ಬ ರಾಜಕಾರಣಿ ಮುಟ್ಟಿದರು. ಅಧ್ಯಕ್ಷ ಜೊಕೊ ವಿಡೊಡೊ ಊರೂರಿಗೆ ಹೋದಾಗ ಒಪ್ಪಿಸುತ್ತಿದ್ದ ಲೆಕ್ಕ ಇದು: ದೇಶದಲ್ಲಿರುವ ಜಮೀನಿನ ತುಣುಕು 12.6 ಕೋಟಿ, 2015ರಲ್ಲಿ ಪ್ರಮಾಣಪತ್ರ ಇದ್ದದ್ದು 4.6 ಕೋಟಿಗೆ, ವರ್ಷಕ್ಕೆ ಕೊಡುತ್ತಿದ್ದದ್ದು 5 ಲಕ್ಷ. ಹಾಗಾದರೆ ಉಳಿದವರು ಕಾಯಬೇಕಾದದ್ದು 160 ವರ್ಷ. ಒಬ್ಬೊಬ್ಬರ ಅರ್ಜಿಗೆ ಕಾಯುವ ಪದ್ಧತಿಯನ್ನು ಬದಿಗಿಟ್ಟು, ಹಳ್ಳಿಗೆ ಹಳ್ಳಿಯನ್ನೇ ಒಟ್ಟಿಗೆ ಅಳೆದು ದಾಖಲಿಸುವ ಕ್ರಮ ಆಮೇಲೆ ಬಂತು. ಅವರ ಅವಧಿ ಮುಗಿಯುವಷ್ಟರಲ್ಲಿ ನೋಂದಣಿಯಾದ ತುಣುಕುಗಳು 10 ಕೋಟಿ ದಾಟಿದ್ದವು. ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಡಿ, ಜೆರಾಕ್ಸ್ ಮಾಡಿಸಿ ಬೇರೆ ಕಡೆ ಇಡಿ, ಬ್ಯಾಂಕಿನಲ್ಲಿ ಅಡವಿಡುವ ಮುನ್ನ ಕಂತು ಕಟ್ಟಲು ಆಗುತ್ತದೋ ಲೆಕ್ಕ ಹಾಕಿ ಎಂದು ಅಧ್ಯಕ್ಷರೇ ಬುದ್ಧಿ ಹೇಳುತ್ತಿದ್ದರು. ಜಕಾರ್ತದಲ್ಲಿ ಇದಕ್ಕೂ ಬಹಳ ಮೊದಲು, 1969ರಿಂದಲೇ, ಕಂಪುಂಗ್ ಎನ್ನುವ ಬಡವರ ಕೇರಿಗಳನ್ನು ಕೆಡವದೆ ದಾರಿ, ಚರಂಡಿ, ನೀರು ಒದಗಿಸುವ ಕೆಲಸ ನಡೆದಿತ್ತು. 1980ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಜನ ಇದ್ದಲ್ಲೇ ಇದ್ದರು.

ಕರ್ನಾಟಕದ ಕಥೆಯೂ ಇದೇ ಜಾಡಿನದು. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿತು. ದಾಖಲೆಯೇ ಇಲ್ಲದ ಜನವಸತಿಗಳು ಕಂದಾಯ ಗ್ರಾಮವಾಗಲು ದಾರಿ ತೆರೆಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಕಲಬುರಗಿ ಸೀಮೆಯ ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಎರಡು ವರ್ಷದ ಮೇಲೆ ಹೊಸಪೇಟೆಯಲ್ಲಿ ಕಾಂಗ್ರೆಸ್ ಕೊಟ್ಟಿತು. ಇದು ಯಾರ ಸಾಧನೆ ಎಂಬ ಜಗಳ ಅವರವರಿಗಿರಲಿ. ಹೊಸಪೇಟೆಯಲ್ಲಿ ನಡೆದ ಮುಖ್ಯ ಕೆಲಸ ಬೇರೆ: ಹಕ್ಕುಪತ್ರವನ್ನು ನೋಂದಣಿ ಮಾಡಿಸಿ ಖಾತೆಗೆ ಜೋಡಿಸುವ ಹೊಣೆಯನ್ನು ಸರ್ಕಾರವೇ ಹೊತ್ತುಕೊಂಡಿತು. ನಾಳೆ ಅಣ್ಣತಮ್ಮಂದಿರು ಪಾಲು ಕೇಳಿದರೆ, ಬ್ಯಾಂಕಿನವರು ಆಧಾರ ಕೇಳಿದರೆ, ತೋರಿಸಲು ಒಂದು ಕಾಗದ ಇದೆ. ಅದರಿಂದ ನಲ್ಲಿಯಲ್ಲಿ ನೀರೇನೂ ಬರುವುದಿಲ್ಲ, ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆಗೆ ದುಡಿಯಲು ಹೋಗುವುದೂ ತಪ್ಪುವುದಿಲ್ಲ.

ಹಾಗೆ ಹೋದವರ ಒಂದು ಕಾಲು ತಾಂಡಾದಲ್ಲಿ, ಇನ್ನೊಂದು ಮುಂಬೈಯ ಜೋಪಡಿಯಲ್ಲಿ. ಊರಿನ ಮನೆಗೆ ಮಾಲೀಕ. ಮುಂಬೈಯಲ್ಲಿ ‘ಪಾತ್ರ’ ಅಥವಾ ‘ಅಪಾತ್ರ’, ಅಂದರೆ ಅರ್ಹ ಅಥವಾ ಅನರ್ಹ. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಬಂದರೆ ಪಾತ್ರ. ಆ ಪಟ್ಟಿಗೊಂದು ಗಡುವಿನ ದಿನ, ಅದೋ ಚುನಾವಣೆಯಿಂದ ಚುನಾವಣೆಗೆ ಜಾರುತ್ತದೆ: 1985, 1990, 1995, ಆಮೇಲೆ 2000ದ ಜನವರಿ 1. ಅದಾದ ಮೇಲೆ 2011ರವರೆಗೆ ಬಂದವರಿಗೆ ಎರಡೂವರೆ ಲಕ್ಷ ರೂಪಾಯಿ ಕಟ್ಟಿದರೆ ಮನೆ. ಪಕ್ಕದ ಧಾರಾವಿಯಲ್ಲಿ ಮೇಲಂತಸ್ತಿನವರಿಗೆ 2022ರ ನವೆಂಬರ್ 15ರ ಗಡುವು, ಅವರಿಗೆ ಮನೆ ಬೇರೆಡೆ, ಬಾಡಿಗೆಯ ಲೆಕ್ಕದಲ್ಲಿ. ಪಾತ್ರ ಎನಿಸಿಕೊಂಡರೂ ಕೈಗೆ ಏನೂ ಬಂದಂತಲ್ಲ. ಬಿಲ್ಡರ್ ಬರಬೇಕು, ಸೊಸೈಟಿ ಒಪ್ಪಬೇಕು, ಟ್ರಾನ್ಸಿಟ್ ಕ್ಯಾಂಪಿಗೆ ಹೋಗಬೇಕು, ಬಾಡಿಗೆ ಚೆಕ್ಕು ಪಾಸಾಗಬೇಕು, ಪುಕ್ಕಟೆ ಮನೆಯ ಖರ್ಚು ಹುಟ್ಟಲು ಬಿಲ್ಡರ್ ಮಾರುವ ಕಟ್ಟಡಕ್ಕೆ ಗಿರಾಕಿ ಸಿಗಬೇಕು. ಮಾರುಕಟ್ಟೆ ಕೆಮ್ಮಿದರೆ ಬಡವನ ಮನೆ ಅರ್ಧಕ್ಕೆ ನಿಲ್ಲುತ್ತದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬೊರಿವಲಿಯ ಒಂದು ಪ್ರಕರಣದಲ್ಲಿ ಮಹಾರಾಷ್ಟ್ರದ ಸ್ಲಂ ಕಾಯ್ದೆಯ ಕೆಲಸವನ್ನೇ ಪರಿಶೀಲಿಸಿ ಎಂದು ಬಾಂಬೆ ಹೈಕೋರ್ಟಿಗೆ ಹೇಳಿತು. ಈ ಕಾಯ್ದೆಯಡಿ ಆಗ ಹೈಕೋರ್ಟಿನಲ್ಲಿ ಬಾಕಿ ಇದ್ದ ಮೊಕದ್ದಮೆಗಳು 1,612.

ಇಲ್ಲಿರುವ ತಪ್ಪು ಒಂದೇ, ಆದರೆ ಬುಡದ ತಪ್ಪು. ಹಕ್ಕನ್ನೂ ಕಟ್ಟಡವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಕ್ರೇನ್ ಬರುವವರೆಗೆ ಕಾಗದವಿಲ್ಲ.

ಆಕ್ಷೇಪ ಗೊತ್ತಿರುವುದೇ: ತಾಂಡಾದ ನೆಲಕ್ಕೂ ಮುಂಬೈಯ ನೆಲಕ್ಕೂ ಎಲ್ಲಿಯ ಹೋಲಿಕೆ, ಇಲ್ಲಿ ಹಕ್ಕುಪತ್ರ ಕೊಟ್ಟರೆ ಬೆಳಗಾಗುವುದರಲ್ಲಿ ದುಡ್ಡಿನವರು ಕೊಂಡುಕೊಳ್ಳುತ್ತಾರೆ, ಒಡೆದ ತುಣುಕುಗಳ ಮೇಲೆ ಗೋಪುರ ಏಳುವುದಿಲ್ಲ. ಆದರೆ ಎಸ್‌ಆರ್‌ಎ ಮನೆಯನ್ನು ಹತ್ತು ವರ್ಷ ಮಾರಬಾರದೆಂದು ಕಾನೂನಿನಲ್ಲಿ ಬರೆದಾಗಲೂ ಪವರ್ ಆಫ್ ಅಟಾರ್ನಿ ಮೇಲೆ ಮಾರಾಟ ನಡೆಯಿತಲ್ಲ? ಜೋಪಡಿಯ ಖೋಲಿಗಳೂ ನೋಟರಿಯ ಛಾಪಾ ಕಾಗದದ ಮೇಲೆ ಕೈ ಬದಲಾಗುತ್ತವೆ. ಮಾರಾಟ ಈಗಲೂ ಇದೆ, ಕಾಗದ ಕಚ್ಚಾ ಆದ್ದರಿಂದ ಮಾರುವವನಿಗೆ ಸಿಗುವ ಬೆಲೆಯೂ ಕಚ್ಚಾ. ಇನ್ನು ತುಣುಕಿನ ಮಾತು. ಒಬ್ಬೊಬ್ಬರಿಗೂ ತುಣುಕು ಕೊಡಬೇಕೆಂದು ಹೇಳಿದವರು ಯಾರು? ಇಡೀ ಸೊಸೈಟಿಗೇ ನೆಲ ಕೊಡಬಹುದು. ಮುಂಬೈಯೇ ಅದನ್ನು ಮಾಡಿತ್ತು.

ಎಲ್ಲರೂ ಮರೆತ ಪೂರ್ವನಿದರ್ಶನ ಇದೇ. 1985ರಲ್ಲಿ ವಿಶ್ವಬ್ಯಾಂಕ್ ನೆರವಿನ ಬಾಂಬೆ ನಗರಾಭಿವೃದ್ಧಿ ಯೋಜನೆಯಡಿ, ರಾಜ್ಯ ಮತ್ತು ಪಾಲಿಕೆಯ ಜಾಗದಲ್ಲಿದ್ದ ಜೋಪಡಿವಾಸಿಗಳು ಸಹಕಾರಿ ಸೊಸೈಟಿ ಮಾಡಿಕೊಂಡರೆ ನೆಲವನ್ನು 30 ವರ್ಷದ ಗುತ್ತಿಗೆಗೆ ಕೊಡಲಾಯಿತು. ದಾರಿ, ನೀರು, ಶೌಚಾಲಯ ಸುಧಾರಣೆಯೂ ಜೊತೆಗೆ. ಒಂದು ಲಕ್ಷದ ಆಸುಪಾಸಿನ ಗುರಿಯಲ್ಲಿ ಮುಟ್ಟಿದ್ದು ಸುಮಾರು 22,000 ಕುಟುಂಬ. ಗುರಿಯ ನಾಲ್ಕನೇ ಒಂದು ಭಾಗವೂ ಅಲ್ಲ, ನಿಜ. ಕೇಂದ್ರದ ಜಾಗದಲ್ಲಿದ್ದವರು ಲೆಕ್ಕಕ್ಕೇ ಬರಲಿಲ್ಲ. ಆದರೂ ಒಬ್ಬ ಬಿಲ್ಡರ್‌ಗೂ ಕಾಯದೆ ಹತ್ತು ವರ್ಷದೊಳಗೆ ಇಷ್ಟು ಕುಟುಂಬಗಳ ಕಾಲಡಿ ನೆಲ ಗಟ್ಟಿಯಾಯಿತು. 1995ರ ಪುಕ್ಕಟೆ ಮನೆಯ ಘೋಷಣೆ ಬಂದ ಮೇಲೆ ಸ್ವಂತ ದುಡ್ಡು ಹಾಕಿ ಗೋಡೆ ಗಟ್ಟಿ ಮಾಡಿಕೊಳ್ಳುವ ಈ ದಾರಿಯ ಹೆಸರು ಹೇಳುವವರೂ ಉಳಿಯಲಿಲ್ಲ. ಒಡಿಶಾ 2017ರಲ್ಲಿ ಸ್ಲಂವಾಸಿಗಳಿಗೆ ಭೂಹಕ್ಕಿನ ಕಾಯ್ದೆ ತಂದಾಗ ಇಡೀ ದೇಶ ಹೊಸದೇನೋ ಕಂಡಂತೆ ಚಪ್ಪಾಳೆ ತಟ್ಟಿತು.

ಈಗ ಮಹಾರಾಷ್ಟ್ರದ ಕೈಯಲ್ಲಿರುವುದು ಸಮೂಹ ಪುನರಭಿವೃದ್ಧಿ ಯೋಜನೆ: ಕನಿಷ್ಠ 50 ಎಕರೆ, ಒಂದೇ ನಕ್ಷೆ, ಒಬ್ಬ ದೊಡ್ಡ ಬಿಲ್ಡರ್. ಜೋಪಡಿ ಒತ್ತೊತ್ತಾಗಿರುವ ಆಂಟಾಪ್ ಹಿಲ್‌ನಂಥ ಕಡೆಗೆ ಇದು ಹೇಳಿ ಮಾಡಿಸಿದಂತಿದೆ ಎಂದು ವಾದಿಸುವವರು 50 ಎಕರೆಯಲ್ಲಿ ನೆಲದ ಒಡೆಯರು ಎಷ್ಟು ಮಂದಿ ಎಂದು ಮೊದಲು ಎಣಿಸಲಿ. ನಕ್ಷೆಯ ಮೊದಲ ಗೆರೆ ಬೀಳುವ ಮುನ್ನ ಜಿಲ್ಲಾಧಿಕಾರಿ ಕಚೇರಿ ಇನ್ನೊಂದು ಕಡತವನ್ನೂ ತೆಗೆಯಬೇಕಾಗುತ್ತದೆ. 1985ರ ಯೋಜನೆಯ 30 ವರ್ಷದ ಗುತ್ತಿಗೆಗಳ ಅವಧಿ ಒಂದೊಂದಾಗಿ ತೀರುತ್ತ ಬಂದಿದೆ. ಆ ಸೊಸೈಟಿಗಳ ಗುತ್ತಿಗೆಯನ್ನು ನವೀಕರಿಸುತ್ತಾರೋ, ಅಥವಾ ಅವರನ್ನೂ ಪಾತ್ರ-ಅಪಾತ್ರರ ಪಟ್ಟಿಗೆ ಇಳಿಸುತ್ತಾರೋ ಎಂಬುದನ್ನು ಸರ್ಕಾರ ಬರವಣಿಗೆಯಲ್ಲಿ ಹೇಳಲಿ.